ಅಮ್ಮನ ನೀರಿನ ಬಾಟಲಿ

ಅಮ್ಮ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ 17 ವರ್ಷ ಟೈಲರ್ ಆಗಿದ್ದಳು. ಬೆಳಗ್ಗೆ ಮನೆ ಬಿಡುವಾಗ ಊಟದ ಡಬ್ಬಿ ಜೊತೆ ಒಂದು ಲೀಟರಿನ ಬಾಟಲಿ ತುಂಬಿಸಿಕೊಳ್ಳುತ್ತಿದ್ದಳು. ಸಂಜೆ ಅವಳ ಬ್ಯಾಗ್ ಖಾಲಿ ಮಾಡುವುದು ನನ್ನ ಕೆಲಸ. ಬಾಟಲಿ ಹೆಚ್ಚುಕಮ್ಮಿ ಹೋದಷ್ಟೇ ತುಂಬಿಕೊಂಡು ವಾಪಸ್ ಬರುತ್ತಿತ್ತು. ಆ ನೀರು ನಮ್ಮ ಮನೆಯ ತುಳಸಿಗೆ.

"ಯಾಕಮ್ಮ ಕುಡಿಯಲ್ಲ?" ಅಂದರೆ, "ಕುಡುದ್ರೆ ಹೋಗ್ಬೇಕಾಗುತ್ತಲ್ಲಪ್ಪ" ಅನ್ನುತ್ತಿದ್ದಳು.

ಲೈನಿನಲ್ಲಿ ಒಬ್ಬಳು ಎದ್ದು ಹೋದರೆ ಹಿಂದಿನವಳು ಹೊಲಿದ ಪೀಸೆಲ್ಲ ಅವಳ ಮಷೀನ್ ಹತ್ತಿರ ಗುಡ್ಡೆ ಬೀಳುತ್ತದೆ. ಮುಂದಿನವಳು ಕೈಕಟ್ಟಿ ಕೂರಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಿನಲ್ಲಿ ಬರೆದಿರುತ್ತದೆ. ಕಮ್ಮಿ ಬಿದ್ದರೆ ಸೂಪರ್‌ವೈಸರ್ ಬಾಯಿ ಶುರು. "ಮನೇಲೇ ಮುಗಿಸ್ಕೊಂಡು ಬರಕ್ಕಾಗಲ್ವಾ?" ಅಂತ, ಇಡೀ ಲೈನಿಗೆ ಕೇಳುವ ಹಾಗೆ. ನಲವತ್ತು ದಾಟಿದ ಹೆಂಗಸಿಗೆ, ಮಗನ ವಯಸ್ಸಿನ ಹುಡುಗ. ಒಂದು ಸಲ ಹಾಗೆ ಅನ್ನಿಸಿಕೊಂಡವರು ಮತ್ತೆ ಬಾಟಲಿ ಮುಚ್ಚಳ ತೆಗೆಯುತ್ತಾರಾ?

ಉರಿಮೂತ್ರ, ಸೊಂಟನೋವು, ತಲೆನೋವು. ಎರಡು ಮೂರು ತಿಂಗಳಿಗೊಮ್ಮೆ ಕಾರ್ಮಿಕರ ಇಎಸ್‌ಐ ಆಸ್ಪತ್ರೆಗೆ ಓಡಾಟ. ಪ್ರತಿ ಸಲವೂ ಡಾಕ್ಟರ್ ಮಾತ್ರೆ ಬರೆದು "ನೀರು ಜಾಸ್ತಿ ಕುಡೀರಿ ಅಮ್ಮ" ಅನ್ನುತ್ತಿದ್ದರು. ಆ ಚೀಟಿಯನ್ನು ಸೂಪರ್‌ವೈಸರಿಗೆ ಬರೆದುಕೊಡಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಕಾನೂನು ಇರಲಿಲ್ಲ ಅಂತಲ್ಲ. ಆಗ ಇದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಕುಡಿಯುವ ನೀರು ಇತ್ತು, ಶೌಚಾಲಯ ಇತ್ತು, 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಕೂಡ ಇತ್ತು. ಅಮ್ಮನ ಫ್ಯಾಕ್ಟರಿಯಲ್ಲೂ ಶೌಚಾಲಯ ಇತ್ತು, ಕ್ಲೀನಾಗೇ ಇತ್ತಂತೆ. ಎದ್ದು ಹೋಗುವವಳನ್ನು ಮೇಲಿನವರು ಯಾವ ಕಣ್ಣಲ್ಲಿ ನೋಡಬೇಕು ಅಂತ ಮಾತ್ರ ಯಾವ ಸೆಕ್ಷನ್ನೂ ಹೇಳುವುದಿಲ್ಲ. ಮುಟ್ಟಿನ ರಜೆಯ ವಿಷಯದಲ್ಲೂ ನನಗೆ ಇದೇ ಚಿಂತೆ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಒಪ್ಪಿತು. ತುಂಬಾ ಒಳ್ಳೆಯದು. ಆದರೆ ಅದನ್ನು ಕೇಳಬೇಕಾದ್ದು ಅದೇ ಹುಡುಗನ ಮುಂದೆ ನಿಂತು, ಅಲ್ವಾ?

ಒಂದು ವರ್ಷ ಬಾಟಲಿ ಖಾಲಿಯಾಗಿ ಬರತೊಡಗಿತು.

ಲೈನಿಗೆ ಹೊಸ ಸೂಪರ್‌ವೈಸರ್ ಬಂದಿದ್ದರು. ಕನಕಪುರ ಕಡೆಯ ಹೆಂಗಸು. ಟೈಲರ್ ಆಗಿದ್ದು ಮೇಲೆ ಬಂದವರು. ಅವರು ಮಾಡಿದ್ದು ದೊಡ್ಡದೇನಲ್ಲ. ಯಾವ ಮಷೀನಿಗೆ ಕೂರಿಸಿದರೂ ಹೊಲಿಯಬಲ್ಲ ಟೈಲರ್ ಒಬ್ಬಳು ಲೈನಿನಲ್ಲಿ ಇರುತ್ತಾಳೆ, ಫ್ಲೋಟರ್ ಅಂತಾರೆ. ಬೆಳಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು ಅವಳನ್ನು ಒಂದೊಂದೇ ಮಷೀನಿಗೆ ಕೂರಿಸಿ, ಐದೈದು ನಿಮಿಷ ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಿದ್ದರು. ಫ್ಲೋಟರ್ ರಜೆ ಹಾಕಿದ ದಿನ ತಾವೇ ಕೂತು ಕಾಲರ್ ಹೊಲಿಯುತ್ತಿದ್ದರಂತೆ. "ಆಯಮ್ಮನ ಕೈ ನನ್ಕಿಂತ ಸ್ಪೀಡು" ಅಂತ ಅಮ್ಮ ಹೊಟ್ಟೆಕಿಚ್ಚಿನಲ್ಲೇ ಹೇಳುತ್ತಿದ್ದಳು. ಟಾರ್ಗೆಟ್ ಏನೂ ಬೀಳಲಿಲ್ಲ. ಇಎಸ್‌ಐ ಓಡಾಟ ಕಮ್ಮಿಯಾಯಿತು.

ಇದು ನಮ್ಮಮ್ಮನೊಬ್ಬಳ ಕಥೆ ಅಂದುಕೊಂಡಿದ್ದೆ. ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಶಾಧಮ್ ಅನ್ನುವ ಅರ್ಥಶಾಸ್ತ್ರಜ್ಞರು ಇಲ್ಲೇ ಬೆಂಗಳೂರಿನ ಸುತ್ತಮುತ್ತಲ ಗಾರ್ಮೆಂಟ್ಸ್‌ಗಳಲ್ಲಿ ಮಾಡಿದ್ದು, 2022ರಲ್ಲಿ ಪ್ರಕಟವಾಗಿದೆ. ಗಾಳಿಯಲ್ಲಿ ಸಣ್ಣ ಧೂಳು ಜಾಸ್ತಿಯಾದ ದಿನ ಹೊಲಿಯುವವರ ಕೈ ನಿಧಾನವಾಗುತ್ತದೆ. ಆದರೆ ಎಲ್ಲರಿಗೂ ಒಂದೇ ಸಮ ಆಗುವುದಿಲ್ಲ. ಸೂಪರ್‌ವೈಸರ್ ಕಣ್ಣಿಟ್ಟು ನೋಡುವವನಾದರೆ ಯಾರಿಗೆ ಸುಸ್ತಾಗುತ್ತಿದೆ ಅಂತ ಗುರುತಿಸಿ ಕೆಲಸ ಅದಲುಬದಲು ಮಾಡುತ್ತಾನೆ. ಅಂಥವರ ಲೈನಿನಲ್ಲಿ ನಷ್ಟ ಕಮ್ಮಿ. ಕನಕಪುರದ ಆಯಮ್ಮ ಇದನ್ನೇ ತಾನೇ ಮಾಡಿದ್ದು?

ಇಷ್ಟಕ್ಕೇ ನಿಲ್ಲಿಸಿದರೆ ಒಳ್ಳೆ ಕಥೆ. ಆದರೆ ಒಂದೂವರೆ ವರ್ಷಕ್ಕೆ ಅವರು ಕೆಲಸ ಬಿಟ್ಟರು. ಬಿಪಿ, ಗ್ಯಾಸ್ಟ್ರಿಕ್, ನಿದ್ದೆ ಇಲ್ಲ. ದಿನಾ ಸಂಜೆ ಸೂಪರ್‌ವೈಸರ್‌ಗಳಿಗೆ ಮೀಟಿಂಗ್ ಇರುತ್ತಿತ್ತು. ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಇವರಿಗೆ ಬೈಯುವುದು ಹೊರಗೆ ಪಂಚಿಂಗ್ ಕ್ಯೂನಲ್ಲಿ ನಿಂತವರಿಗೂ ಕೇಳುತ್ತಿತ್ತಂತೆ. ಬೈದ ಆ ಮನುಷ್ಯನಿಗೂ ಮೇಲೊಬ್ಬ. ಅವನ ಮೇಲೆ, ಶಿಪ್‌ಮೆಂಟ್ ಒಂದು ದಿನ ತಡವಾದರೂ ದುಡ್ಡು ಹಿಡಿಯುವ ವಿದೇಶದ ಬಯರ್. ಮೇಲಿಂದ ಬಂದದ್ದನ್ನು ಉಳಿದ ಸೂಪರ್‌ವೈಸರ್‌ಗಳು ಹಾಗೇ ಕೆಳಗೆ ದಾಟಿಸುತ್ತಿದ್ದರು. ಈಯಮ್ಮ ತಮ್ಮ ಹೊಟ್ಟೆಯೊಳಗೇ ಇಟ್ಟುಕೊಂಡರು. ನಲವತ್ತು ಜನರ ಆರೋಗ್ಯ ಉಳಿಸಿ ತಮ್ಮದು ಕಳೆದುಕೊಂಡರು. ಅದಕ್ಕೇ ಯಾರಾದರೂ "ಒಳ್ಳೆ ಬಾಸ್ ಸಿಕ್ಕಿದರೆ ಸಾಕು" ಅಂದರೆ ನನಗೆ ಸಿಟ್ಟು ಬರುತ್ತದೆ. ಆ ಒಳ್ಳೆ ಬಾಸ್‌ಗೂ ಒಬ್ಬ ಒಳ್ಳೆ ಬಾಸ್ ಬೇಕು ಕಣ್ರೀ.

ನಮ್ಮಲ್ಲಿ ದೊಡ್ಡವರು ಮಾತಾಡುವುದೆಲ್ಲ ಗಂಟೆ ಲೆಕ್ಕ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿದರು. ಹರಾಜು ಕೂಗಿದ ಹಾಗೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ. 35ರಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಹೇಳಿದ್ದವು. ಹೋಗಲಿ ಬಿಡಿ.

ನನ್ನ ಕಥೆಗೆ ಬರುತ್ತೇನೆ, ಸುಮ್ನೆ ಬೇರೆಯವರನ್ನು ಬೈದುಕೊಂಡು ಕೂರಬಾರದು. ನಾನೀಗ ಐಟಿಯಲ್ಲಿ ಟೀಮ್ ಲೀಡ್, ಕೆಳಗೆ ಒಂಬತ್ತು ಜನ. ಬಾಯಿ ಮಾಡುವುದಿಲ್ಲ, ಕೇಳಿದಾಗ ರಜೆ ಕೊಡುತ್ತೇನೆ. ನಾನು ಒಳ್ಳೆಯವನು ಅಂತಲೇ ಇದ್ದೆ. ಮೊನ್ನೆ ರಾತ್ರಿ ಹನ್ನೊಂದು ಹತ್ತಕ್ಕೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಮುಗಿಯಿತು. ಮರೆತುಬಿಡುತ್ತೇನೆ ಅಂತ ಹೊಸ ಹುಡುಗಿಯೊಬ್ಬಳಿಗೆ ಮೆಸೇಜ್ ಹಾಕಿದೆ. ಕೊನೆಯಲ್ಲಿ "ಅರ್ಜೆಂಟ್ ಇಲ್ಲ, ನಾಳೆ ನೋಡಿ" ಅಂತಲೂ ಸೇರಿಸಿದೆ. ಹನ್ನೊಂದು ಹನ್ನೆರಡಕ್ಕೆ "ಡೂಯಿಂಗ್ ಇಟ್ ಸರ್" ಅಂತ ಉತ್ತರ ಬಂತು. ಹನ್ನೆರಡೂವರೆಗೆ ಕೆಲಸ ಮುಗಿಸಿಯೇ ಕಳಿಸಿದ್ದಳು.

ನಾನು ಹಾಕಿದ್ದು ಮೆಸೇಜ್. ಅವಳಿಗೆ ಕೇಳಿಸಿದ್ದು ಬೇರೇನೋ. ಕ್ಲೈಂಟ್ ನನ್ನ ಮೇಲೆ ಹಾಕಿದ್ದನ್ನು ಎರಡೇ ನಿಮಿಷದಲ್ಲಿ ಕೆಳಗೆ ದಾಟಿಸಿದ್ದೆ, ನಯವಾದ ಮಾತಿನಲ್ಲಿ. ಈಗ ರಾತ್ರಿ ನೆನಪಾದದ್ದನ್ನು ಬರೆದಿಟ್ಟುಕೊಂಡು ಬೆಳಗ್ಗೆ ಒಂಬತ್ತೂವರೆಗೆ ಹೋಗುವ ಹಾಗೆ ಟೈಮ್ ಹಾಕಿಡುತ್ತೇನೆ. ನಾಳೆಗೇ ಬೇಕು ಅಂದ ಕ್ಲೈಂಟಿಗೆ ಶುಕ್ರವಾರ ಕೊಡುತ್ತೇವೆ ಅಂತ ಮೊದಲ ಸಲ ಹೇಳಿದೆ. ಅವನು ಓಕೆ ಅಂದ, ಅಷ್ಟೇ. ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ.

ಅಮ್ಮ ಕೆಲಸ ಬಿಟ್ಟು ಆರು ವರ್ಷವಾಯಿತು. ಕಳೆದ ವಾರ ಮಾಗಡಿಯಲ್ಲಿ ಸಂಬಂಧಿಕರ ಮದುವೆ. ಕಾರಲ್ಲೇ ಹೋಗೋಣ, ಎಲ್ಲಿ ಬೇಕಾದರೂ ನಿಲ್ಲಿಸುತ್ತೇನೆ ಅಂದೆ. ಆದರೂ ಬೆಳಗ್ಗೆ ಎದ್ದಾಗಿನಿಂದ ಒಂದು ತೊಟ್ಟು ನೀರು ಮುಟ್ಟಲಿಲ್ಲ. ಬಾಟಲಿ ಮಾತ್ರ ತುಂಬಿಸಿ ಕಾಲ ಹತ್ತಿರ ಇಟ್ಟುಕೊಂಡಿದ್ದಳು.