ಡಬ್ಬಿಂಗಲ್ಲಿ ನೋಡ್ಕೊಳ್ಳೋಣ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ

ಈಗಷ್ಟೇ ಕ್ಲಾಸ್‌ಮೇಟ್ ಒಬ್ಬನ ಡಿಪ್ಲೊಮಾ ಫಿಲ್ಮ್ ಶೂಟ್ ಮುಗಿಸ್ಕೊಂಡು ಬಂದೆ, ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿರೋ ಮೈಕ್) ಹಿಡಿದು ಹಿಡಿದು ಭುಜ ಬಿದ್ದೋಗಿದೆ, ಆದ್ರೂ ಇದನ್ನ ಬರೀದೆ ನಿದ್ದೆ ಬರಲ್ಲ. ಕೊನೇ ಶಾಟ್ ಓಕೆ ಆಯ್ತು. ಸೌಂಡ್ ನೋಡ್ಕೊಳ್ತಿದ್ದ ಹುಡುಗಿ "ಒಂದೇ ಒಂದ್ನಿಮಿಷ ಎಲ್ರೂ ಸುಮ್ನಿರಿ, ರೂಮ್ ಟೋನ್ ತಗೋಬೇಕು" ಅಂದ್ಲು, ಅಂದ್ರೆ ಯಾರೂ ಮಾತಾಡ್ದೇ ಇದ್ದಾಗ ಆ ಜಾಗದಲ್ಲಿ ಕೇಳ್ಸೋ ಸದ್ದನ್ನ ರೆಕಾರ್ಡ್ ಮಾಡ್ಕೋಬೇಕು ಅಂತ. ಅಷ್ಟೊತ್ತಿಗಾಗ್ಲೇ ಲೈಟ್ ಸ್ಟ್ಯಾಂಡ್ ಮಡಚೋರು ಮಡಚ್ತಿದ್ರು, ಟೀ ಲೋಟ ಎತ್ತೋರು ಎತ್ತುತಿದ್ರು. ಡೈರೆಕ್ಟರ್ ಅವಳ ಮುಖಾನೂ ನೋಡ್ದೆ "ಬಿಡೇ, ಡಬ್ಬಿಂಗಲ್ಲಿ ನೋಡ್ಕೊಳ್ಳೋಣ" ಅಂದ, ಅಂದ್ರೆ ಮಾತು, ಸದ್ದು ಎಲ್ಲ ಆಮೇಲೆ ಸ್ಟುಡಿಯೋಲಿ ಸೇರಿಸಿದ್ರಾಯ್ತು ಅಂತ. ಬೆಳಿಗ್ಗೆ ಇದೇ ಮನುಷ್ಯ ಮೋಡ ಸರೀಲಿ ಅಂತ ಇಡೀ ಯೂನಿಟ್ಟನ್ನ ಕಾಯ್ಸಿದ್ದ, ಯಾರೂ ತುಟಿ ಪಿಟಕ್ ಅಂದಿರ್ಲಿಲ್ಲ. ಬೆಳಕಿಗೆ ಎಷ್ಟೊತ್ತು ಬೇಕಾದ್ರೂ ಕಾಯ್ತೀವಿ, ಶಬ್ದಕ್ಕೆ ಒಂದು ನಿಮಿಷ ಕೊಡಲ್ಲ.

ನನ್ನನ್ನ ಬಲ್ಲೋರಿಗೆ ಗೊತ್ತು, ನಾನು ಈ ಕೋರ್ಸ್ ಸೇರಿದ್ದೇ ಡೈರೆಕ್ಷನ್ ಮಾಡ್ಬೇಕು ಅಂತ, ಅಪ್ಪನ ಹತ್ರ ಜಗಳ ಆಡಿದ್ದೂ ಅದಕ್ಕೇ. ಈಗ ಮನಸ್ಸು ಪೂರ್ತಿ ಎಡಿಟ್ ರೂಮಿಗೆ ಹೋಗ್ಬಿಟ್ಟಿದೆ. ಅದಕ್ಕೆ ಕಾರಣ ನಾನು ಎಡಿಟ್ ಮಾಡಿದ ಒಂದು ಪುಟ್ಟ ಸೀನು. ಅಮ್ಮ ಈಳಿಗೆಮಣೆ ಮುಂದೆ ಕೂತು ಹುರುಳೀಕಾಯಿ ಹೆಚ್ತಿದಾಳೆ, ಬಾಗಿಲಲ್ಲಿ ನಿಂತ ಮಗ "ಸೋಮವಾರ ಬೆಂಗಳೂರಿಗೆ ಹೋಗ್ತಿದೀನಿ, ಇನ್ ವಾಪಸ್ ಬರಲ್ಲ" ಅಂತಾನೆ. "ಹೋಗ್ತಿದೀನಿ" ಅನ್ನೋ ಹೊತ್ತಿಗೇ ಅವನ ಮುಖ ಬಿಟ್ಟು ಅಮ್ಮನ ಕೈಗೆ ಕಟ್ ಮಾಡಿ, ಉಳಿದ ಮಾತು ಆ ಕೈ ಮೇಲೇ ಬರ್ಲಿ ಅಂತ ಬಿಟ್ಟೆ, ಎಲ್ ಕಟ್ ಅಂತೀವಲ್ಲ ಅದು. ಅವನು "ಬರಲ್ಲ" ಅಂದ್ಮೇಲೂ ಕಚಕ್ ಕಚಕ್ ಅಂತ ಎರಡು ಸಲ ಕಾಯಿ ಹೆಚ್ಚೋ ಸದ್ದು, ಆಮೇಲೆ ನಿಲ್ಲುತ್ತೆ. ಆ ಕಟ್ಟನ್ನ ಬರೀ 8 ಫ್ರೇಮ್ ಹಿಂದಕ್ಕೆ ತಂದೆ, 24 ಫ್ರೇಮ್‌ಗೆ ಒಂದು ಸೆಕೆಂಡು, ಅಂದ್ರೆ ಸೆಕೆಂಡಿನ ಮೂರನೇ ಒಂದು ಭಾಗ, ಅಷ್ಟಕ್ಕೇ ಆ ತಾಯಿಗೆ ಇದೆಲ್ಲ ಮೊದಲೇ ಗೊತ್ತಿತ್ತೇನೋ ಅನ್ನೋ ಹಾಗಾಯ್ತು! ಶಾಟ್ ಅದೇ, ಆಕ್ಟಿಂಗ್ ಅದೇ. ನನಗೆ ಮೈ ಜುಮ್ ಅಂತು.

ಹೆಚ್ಚೋ ಸದ್ದು ನಿಂತ್ಮೇಲೆ ಕೇಳ್ಸೋದು ಆ ಮನೆಯ ರೂಮ್ ಟೋನ್, ಹೆಂಚಿನ ಮೇಲೆ ಗಾಳಿ, ಹಿತ್ತಲಲ್ಲಿ ಎಲ್ಲೋ ಒಂದು ಹಕ್ಕಿ. ಟ್ರ್ಯಾಕಲ್ಲಿ ಆ ಜಾಗ ಪೂರ್ತಿ ಖಾಲಿ ಬಿಟ್ರೆ ನೋಡೋರಿಗೆ ಸ್ಪೀಕರ್ ಕೆಟ್ಟೋಯ್ತಾ ಅನ್ಸುತ್ತೆ. ಒಂದೊಂದು ಶಾಟಲ್ಲಿ ಒಂದೊಂದು ಥರ ಇರೋ ಹಿನ್ನೆಲೆ ಸದ್ದನ್ನ ಹೊಂದಿಸೋದೂ ಅದೇ. ಇವತ್ತು ಆ ಹುಡುಗಿ ಕೇಳಿದ್ದು ಇಷ್ಟನ್ನೇ, ನಾವು ಅದನ್ನೂ ಕೊಡ್ಲಿಲ್ಲ.

ಕಾಲೇಜು ಹುಡುಗ್ರನ್ನ ಮಾತ್ರ ಯಾಕೆ ಬೈಲಿ. 2022ರಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆ ಆದಾಗ ನಮ್ಮ ಕನ್ನಡದ 'ಡೊಳ್ಳು'ಗೆ ಲೊಕೇಶನ್ ಸೌಂಡ್ ಪ್ರಶಸ್ತಿ ಬಂತು, ಅದು ಸಿಂಕ್ ಸೌಂಡ್, ಅಂದ್ರೆ ಶೂಟ್ ಮಾಡೋವಾಗ್ಲೇ ಅಲ್ಲೇ ಮಾತು ರೆಕಾರ್ಡ್ ಮಾಡಿರೋ ಸಿನಿಮಾಗಳಿಗೇ ಅಂತ ಇದ್ದ ವಿಭಾಗ. ಇದು ಡಬ್ ಆಗಿರೋ ಸಿನಿಮಾ ಅಂತ ಅದರ ಸೌಂಡ್ ಡಿಸೈನರ್ ನಿತಿನ್ ಲೂಕೋಸ್ ಅವರೇ ಹೇಳ್ಬೇಕಾಯ್ತು, ಆಸ್ಕರ್ ಗೆದ್ದ ರೆಸೂಲ್ ಪೂಕುಟ್ಟಿ ಕೂಡ ದನಿ ಎತ್ತಿದ್ರು. ಸಿನಿಮಾ ಬಗ್ಗೆ ನನ್ನ ತಕರಾರಿಲ್ಲ, ತೀರ್ಪು ಕೊಟ್ಟೋರ ಕಿವಿ ಬಗ್ಗೆ ಇದೆ.

ಸಿಂಕ್ ಸೌಂಡ್ ದುಬಾರಿ ಕಣೋ, ಬೆಂಗಳೂರಲ್ಲಿ ಹಾರ್ನ್ ಇಲ್ದಿರೋ ರೋಡ್ ಎಲ್ಲಿದೆ ಅಂತ ಕೇಳ್ತಾರೆ. ಕಷ್ಟ ಇದೆ, ಯಾರು ಇಲ್ಲ ಅಂದ್ರು? ಆದ್ರೆ ಲೆನ್ಸ್ ಬಾಡಿಗೆಗೆ ಹಿಂದೆ ಮುಂದೆ ನೋಡದೆ ದುಡ್ಡು ಕೊಡೋರು ಸೌಂಡ್ ಅಂದ ತಕ್ಷಣ ಲೆಕ್ಕದ ಪುಸ್ತಕ ತೆಗೀತಾರೆ, ಬೂಮ್ ಹಿಡಿಯೋಕೆ ಸೆಟ್ಟಲ್ಲಿ ಯಾರು ಖಾಲಿ ನಿಂತಿದಾರೋ ಅವರನ್ನ ಕಳಿಸ್ತಾರೆ. 1934ರಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಮಾಡಿದೋರಿಗೆ ಡಬ್ಬಿಂಗ್ ಅನ್ನೋ ಆಸರೇನೇ ಇರ್ಲಿಲ್ಲ, ಕ್ಯಾಮೆರಾ ಓಡ್ತಿರೋವಾಗ್ಲೇ ಮಾತೂ ಮೈಕಿಗೆ ಬೀಳ್ಬೇಕಿತ್ತು. ಅಷ್ಟು ಹಿಂದಕ್ಕೆ ಯಾಕೆ, 'ತಿಥಿ' ನೋಡಿ, ಮಂಡ್ಯ ಕಡೆ ಹಳ್ಳಿಯೋರೇ ಆಕ್ಟ್ ಮಾಡಿದ್ದು, ಮಾತು ಅಲ್ಲೇ ರೆಕಾರ್ಡ್ ಆಗಿದ್ದು. ಆ ಅಜ್ಜಂದಿರನ್ನ ಎಸಿ ಸ್ಟುಡಿಯೋಲಿ ಕೂರಿಸಿ, ಪರದೆ ಮೇಲೆ ತುಟಿ ನೋಡ್ಕೊಂಡು ಬೈರಿ ಅಂದಿದ್ರೆ ಆ ಬೈಗುಳಕ್ಕೆ ಆ ಖದರು ಬರ್ತಿತ್ತಾ?

ಮುಂದೆ ಶೂಟ್ ಇರೋ ಫ್ರೆಂಡ್ಸ್ ದಯವಿಟ್ಟು ಕೇಳಿ. ಬೂಮ್ ಹಿಡಿಯೋಕೆ ಕರೀರಿ, ಎಡಿಟಿಗೂ ಕರೀರಿ, ದುಡ್ಡು ಬೇಡ, ಊಟ ಹಾಕಿದ್ರೆ ಸಾಕು. ಆದ್ರೆ ಲೊಕೇಶನ್ ನೋಡೋಕೆ ಹೋಗೋ ದಿನಾನೇ ಸೌಂಡಿನೋರನ್ನೂ ಗಾಡಿ ಹತ್ತಿಸ್ಕೊಳ್ಳಿ. ಪಕ್ಕದ ಮನೇಲಿ ಫ್ಲೋರ್ ಮಿಲ್ ಇದೆ ಅಂತ ಶೂಟಿಂಗ್ ದಿನ ಗೊತ್ತಾದ್ರೆ ಯಾವ ಮೈಕ್ ತಂದ್ರೂ ಏನೂ ಮಾಡೋಕಾಗಲ್ಲ.