ಗಂಡುಕೂಸಿಗೆ ಅಪರೂಪದ ಹೆಸರು ಬೇಕೇ? ಪರ-ವಿರೋಧ

ಪರ

ಶಿರಸಿ, ಸಿದ್ದಾಪುರದ ಕಡೆ ಯಾವುದೇ ಅಡಿಕೆ ಸಹಕಾರಿ ಸಂಘದ ಸದಸ್ಯರ ಪಟ್ಟಿಯನ್ನು ತೆರೆದರೂ ಗಣಪತಿ ಹೆಗಡೆ, ಮಂಜುನಾಥ ಭಟ್ಟ, ಸುಬ್ರಾಯ ಹೆಗಡೆ ಎಂಬ ಹೆಸರುಗಳೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಇಡಗುಂಜಿಯ ಗಣಪತಿ, ಗೋಕರ್ಣದ ಮಹಾಬಲೇಶ್ವರ, ಮಂಜುಗುಣಿಯ ವೆಂಕಟರಮಣ ಇವರ ಮೇಲಿನ ಭಕ್ತಿಯೂ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯೂ ಸೇರಿ, ಕೆಲವೇ ಹೆಸರುಗಳು ತಲೆಮಾರುಗಳಿಂದ ಸುತ್ತು ಹೊಡೆಯುತ್ತಿವೆ. ಇಡೀ ಸೀಮೆಗೇ ಅಡ್ಡಹೆಸರುಗಳು ಕೆಲವೇ ಆದ್ದರಿಂದ ಗುರುತು ಹಿಡಿಯುವ ಹೊಣೆಯೆಲ್ಲ ಮೊದಲ ಹೆಸರಿನ ಮೇಲೆ ಬೀಳುತ್ತದೆ. ಊರಿನ ಹೆಸರನ್ನೋ ತಂದೆಯ ಮೊದಲಕ್ಷರವನ್ನೋ ಸೇರಿಸಿದರೂ ಒಂದೇ ಊರಿನಲ್ಲಿ ಇಬ್ಬರು ಜಿ.ಎಸ್. ಹೆಗಡೆಯವರು ಉಳಿದುಬಿಡುತ್ತಾರೆ. ನಮ್ಮ ಮನೆಯ ಅಡಿಕೆಯ ಹಣ ಒಂದು ವರ್ಷ ಅದೇ ಹೆಸರಿನ ಬೇರೊಬ್ಬರ ಖಾತೆಗೆ ಜಮೆಯಾಗಿ, ಅದು ಮರಳಿ ಬರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದಿತ್ತು.

ಅಜ್ಜನ ಹೆಸರು ಉಳಿಯಬೇಕೆನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಳೆಯ ಮನೆಗಳಲ್ಲಿ ಸೊಸೆ ಮಾವನ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಆದ್ದರಿಂದ ಅಜ್ಜನ ಹೆಸರು ಹೊತ್ತ ಕೂಸು ಮನೆಯಲ್ಲಿ ‘ಅಪ್ಪಿ’ಯಾಗಿಯೋ ‘ಮಾಣಿ’ಯಾಗಿಯೋ ಬೆಳೆದು, ಅದರ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಮೀಸಲಾಗುತ್ತಿತ್ತು.

ಇನ್ನು ಶಾಸ್ತ್ರದ ಮಾತು. ಗಂಡುಮಗುವಿನ ಹೆಸರು ಘೋಷಾಕ್ಷರದಿಂದ (ಗ, ಜ, ದ, ಬ ಮುಂತಾದ ನಾದವುಳ್ಳ ಅಕ್ಷರದಿಂದ) ಆರಂಭವಾಗಿ ಎರಡು ಅಥವಾ ನಾಲ್ಕು ಅಕ್ಷರಗಳದ್ದಾಗಿರಬೇಕು ಎನ್ನುವ, ಮನೆಯ ಸಂಸ್ಕಾರಗಳ ವಿಧಿಗಳನ್ನು ಹೇಳುವ ಆಶ್ವಲಾಯನ ಗೃಹ್ಯಸೂತ್ರವು ಹೆಸರು ಹಳೆಯದೇ ಆಗಿರಬೇಕೆಂದು ಅಲ್ಲಿ ಹೇಳುವುದಿಲ್ಲ. ಆ ಲೆಕ್ಕ ಹಿಡಿದರೆ ಗಣಪತಿ ಪಾಸಾಗುತ್ತಾನೆ. ಮೂರೇ ಅಕ್ಷರದ, ಅದೂ ಸಕಾರದಿಂದ ಶುರುವಾಗುವ ನಮ್ಮ ಸುಬ್ರಾಯ ಹೊರಗುಳಿಯುತ್ತಾನೆ! ಅಪರೂಪವೆಂದರೆ ಪರದೇಶದ್ದೇ ಆಗಬೇಕಿಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲೆಯ ಹಾಲಕ್ಕಿ ಸಮುದಾಯದ ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರ ಹೆಸರನ್ನು ನೆನೆದಾಗ, ಹಾಲಕ್ಕಿಗಳ ಸುಕ್ರ, ಸೋಮ ಎಂಬಂಥ ವಾರದ ಹೆಸರುಗಳು ಎಷ್ಟು ಚಿಕ್ಕವೂ ಗಟ್ಟಿಯೂ ಆಗಿವೆ ಎಂಬುದು ತಿಳಿಯುತ್ತದೆ. ಇಂದಿನ ತೊಟ್ಟಿಲುಗಳಲ್ಲಿ ಅವುಗಳಿಗಿಂತ ಅಪರೂಪದವು ಯಾವುವಿವೆ?

ವಿರೋಧ

ಆದರೆ ಅಪರೂಪವನ್ನು ಅರಸುವ ತಂದೆತಾಯಿಗಳು ಸುಕ್ರನ ಬಳಿಗೆ ಹೋಗುವುದಿಲ್ಲ. ಮೊಬೈಲಿನ ಪಟ್ಟಿಯ ಬಳಿಗೆ ಹೋಗುತ್ತಾರೆ. ಎಲ್ಲರೂ ನೋಡುವ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದೇ ಅಂಗನವಾಡಿಯಲ್ಲಿ ಇಬ್ಬರು ವಿಹಾನ್, ಇಬ್ಬರು ಅದ್ವಿಕ್ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ‘ಅದ್ವಿಕ್’ ಎಂದರೆ ಸಾಟಿಯಿಲ್ಲದವನು ಎಂದು ಆ ಪಟ್ಟಿಗಳು ಹೇಳುತ್ತವೆ, ಆದರೆ ಆ ಅರ್ಥಕ್ಕೆ ಸಂಸ್ಕೃತದಲ್ಲಿರುವ ಶಬ್ದ ‘ಅದ್ವಿತೀಯ’. ‘ಅನೀಶ’ನೆಂದರೆ ಒಡೆಯರಿಲ್ಲದ ಪರಮಾತ್ಮನೆಂದು ಹಿಗ್ಗುವವರು, ಶ್ವೇತಾಶ್ವತರ ಉಪನಿಷತ್ತಿನಲ್ಲಿ ಅದೇ ಶಬ್ದವು ಬಂಧನದಲ್ಲಿರುವ ಅಸ್ವತಂತ್ರ ಜೀವನಿಗೆ ಬಂದಿರುವುದನ್ನು ಒಮ್ಮೆ ನೋಡಬೇಕು.

ನನಗೆ ಹೆಚ್ಚು ಕಾಡುವುದು ನಾಲಗೆಯ ತೊಡಕು. ಕನ್ನಡದ ಮಾತು ಸ್ವರದಲ್ಲಿ ಕೊನೆಗೊಳ್ಳಲು ಬಯಸುತ್ತದೆ. ಅಂಗಳದ ತುದಿಯಲ್ಲಿ ನಿಂತು ಕೆಳಗಿನ ತೋಟದಲ್ಲಿರುವವನನ್ನು ‘ಗಣಪತೀ’ ಎಂದು ಎಳೆದು ಕೂಗಿದರೆ ಆ ಈಕಾರವು ಅಡಿಕೆ ಮರಗಳ ನಡುವೆ ಹಾದು ಹಳ್ಳದವರೆಗೆ ಮುಟ್ಟುತ್ತದೆ. ‘ವಿಹಾನ್’ ಎಂದು ಕೂಗಿದರೆ ಕೂಗು ನಕಾರಕ್ಕೆ ಡಿಕ್ಕಿ ಹೊಡೆದು ಅಲ್ಲೇ ನಿಲ್ಲುತ್ತದೆ. ಮಹಾಬಲೇಶ್ವರ ಎಂಬ ಉದ್ದದ ಹೆಸರನ್ನೇ ‘ಮಾಬ್ಲ’ ಮಾಡಿಕೊಂಡು, ಅದಕ್ಕೆ ಅಣ್ಣನನ್ನೋ ಮಾವನನ್ನೋ ಸೇರಿಸಿ ಸಲುಗೆಯನ್ನೂ ಗೌರವವನ್ನೂ ಒಟ್ಟಿಗೆ ತಂದ ನಾಲಗೆಗೆ ಈ ಮೊಂಡು ಹೆಸರುಗಳಲ್ಲಿ ಮಾಡಲು ಕೆಲಸವೇ ಉಳಿದಿಲ್ಲ.

ಬರೆಯುವ ಕಷ್ಟ ಬೇರೆ. ಕಾರವಾರದ ಮನೆಯೊಂದರಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ನೆಂಟರಲ್ಲಿ ಮರಾಠಿ, ಕಾಗದಪತ್ರಗಳಲ್ಲಿ ಇಂಗ್ಲಿಷ್ ಇರುವಾಗ, ಯಾರೂ ಕೇಳದ ಹೆಸರಿನ ಹ್ರಸ್ವದೀರ್ಘಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗುತ್ತವೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಸರ್ಕಾರಿ ನೌಕರಿಯವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ, ಅದರಲ್ಲಿ ನುಸುಳಿದ ಒಂದು ಅಕ್ಷರದ ತಪ್ಪು ದೂರದವರೆಗೆ ಬೆನ್ನು ಹತ್ತುತ್ತದೆ.

ಜನನ ನೋಂದಣಿಯಾದ ಮೇಲೆ ಮಗುವಿನ ಹೆಸರನ್ನು ಸೇರಿಸಲು ಹನ್ನೆರಡು ತಿಂಗಳವರೆಗೆ ಶುಲ್ಕವಿಲ್ಲ. ಹೊಸ ಹೆಸರು ಬೇಕೇಬೇಕೆನ್ನುವವರು ಅದನ್ನು ಕಚೇರಿಯಲ್ಲಿ ಬರೆಸುವ ಮೊದಲು, ಆ ಅವಧಿಯೊಳಗೆ, ಅಂಗಳದಿಂದ ತೋಟಕ್ಕೆ ಕೆಲವು ಸಂಜೆ ಕೂಗಿ ನೋಡಲಿ.