ಚತುರ್ಥಿ ವಿಭಕ್ತಿ ಇಲ್ಲದ ಹಬ್ಬ

ನವೆಂಬರಿನ ನಾಲ್ಕನೆಯ ಗುರುವಾರ, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ನ್ಯೂಜೆರ್ಸಿಯ ಮಗನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಏಳು ವರ್ಷದ ಮೊಮ್ಮಗಳು ಶಾಲೆಯಿಂದ ತಂದಿದ್ದ ಕಾಗದವೊಂದನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ಅಂಗೈಯನ್ನು ಊರಿ, ಸುತ್ತಲೂ ಪೆನ್ಸಿಲಿನ ಗೆರೆಯೆಳೆದು, ಹೆಬ್ಬೆರಳಿಗೆ ಕಣ್ಣು ಕೊಕ್ಕು ಬರೆದು ಮಾಡಿದ ಟರ್ಕಿ ಕೋಳಿ ಅದು. ಗರಿಗಳಾಗಿದ್ದ ನಾಲ್ಕು ಬೆರಳುಗಳಲ್ಲಿ ಅವಳ ಕೃತಜ್ಞತೆಗಳಿದ್ದವು: ಅಪ್ಪ-ಅಮ್ಮ, ಪಕ್ಕದ ಮನೆಯ ನಾಯಿ, ಪಿಜ್ಜಾ, ವೈಫೈ.

"ಥ್ಯಾಂಕ್ಸ್ ಹೇಳೋದು ಯಾರಿಗೆ ಪುಟ್ಟಿ?" ಎಂದೆ.

"ಯಾರಿಗೂ ಅಲ್ಲ ಅಜ್ಜ, ಸುಮ್ನೆ ಥ್ಯಾಂಕ್‌ಫುಲ್."

ಮೂವತ್ತು ವರ್ಷ ವಿಭಕ್ತಿ ಪ್ರತ್ಯಯಗಳನ್ನು ಉರು ಹೊಡೆಸಿದ ಕನ್ನಡ ಮೇಷ್ಟರಿಗೆ ಈ ಉತ್ತರ ಗಂಟಲಲ್ಲಿ ಸಿಕ್ಕಿಕೊಂಡಿತು. ಕೊಡುವುದೆಂದ ಮೇಲೆ ‘ಯಾರಿಗೆ’ ಎಂದು ಹೇಳುವ ಚತುರ್ಥಿ ಬೇಡವೇ? ಈ ಹಬ್ಬದ ಮೂಲಪುರುಷರಿಗಂತೂ ಆ ವಿಷಯದಲ್ಲಿ ಎಳ್ಳಷ್ಟೂ ಸಂದೇಹವಿರಲಿಲ್ಲ. ಇಂಗ್ಲೆಂಡಿನಿಂದ ವಲಸೆ ಬಂದು ಪ್ಲಿಮತ್ತಿನಲ್ಲಿ ನೆಲೆಸಿದ ಅವರು 1621ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಆಗ್ ಜನರೊಡನೆ ಮೂರು ದಿನ ಉಂಡದ್ದೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಉಂಡವರು ಬರೆದಿಟ್ಟದ್ದರಲ್ಲಿ ಆ ಹೆಸರೇ ಇಲ್ಲ. ಅವರ ಪಾಲಿಗೆ ಆ ಮಾತಿನ ಅರ್ಥ ಊಟವಲ್ಲ, ಆರಾಧನೆ. ಕ್ರಿಸ್ಮಸ್ಸನ್ನೇ ಬೈಬಲಿನಲ್ಲಿಲ್ಲವೆಂದು ಕೈಬಿಟ್ಟಿದ್ದ ಆ ಕಟ್ಟುನಿಟ್ಟಿನ ಮಂದಿ, ಕಷ್ಟ ಬಂದರೆ ಉಪವಾಸದ ದಿನವನ್ನೂ ಕಷ್ಟ ಕಳೆದರೆ ಕೃತಜ್ಞತೆಯ ದಿನವನ್ನೂ ಗೊತ್ತುಮಾಡುತ್ತಿದ್ದರು.

1623ರ ಕಥೆಯನ್ನೇ ನೋಡಿ. ಮೇ ತಿಂಗಳಿನಿಂದ ಜುಲೈ ನಡುವಿನವರೆಗೆ ಹನಿ ಮಳೆಯಿಲ್ಲದೆ ಮೆಕ್ಕೆಜೋಳದ ಪೈರು ಬಾಡಿತು. ನಮ್ಮ ಕಡೆಯಾಗಿದ್ದರೆ ಎರಡು ಕಪ್ಪೆಗಳನ್ನು ಹಿಡಿದು ಮದುವೆ ಮಾಡಿ, ಅದರ ನೆಪದಲ್ಲಿ ಒಂದು ಪಾಯಸವಾದರೂ ಆಗುತ್ತಿತ್ತು. ಅವರು ಹೊಟ್ಟೆಗೆ ಏನೂ ಇಲ್ಲದೆ, ಸುಡುಬಿಸಿಲಿನ ದಿನ, ಎಂಟೊಂಬತ್ತು ಗಂಟೆ ಪ್ರಾರ್ಥನೆಗೆ ನಿಂತರು. ಸಂಜೆಯ ಹೊತ್ತಿಗೆ ಮೋಡ ಕವಿಯಿತು. ಆಮೇಲೆ ಹದಿನಾಲ್ಕು ದಿನ ಹದವಾದ ಜಿಟಿಜಿಟಿ ಮಳೆ. ಆಗ ಕೃತಜ್ಞತೆಗೆಂದು ಇನ್ನೊಂದು ದಿನ, ಮತ್ತೆ ಪ್ರಾರ್ಥನೆ! ಇಷ್ಟು ಮೈಮುರಿದು ಸಲ್ಲಿಸಿದ ಧನ್ಯವಾದಕ್ಕೆ ವಿಳಾಸವಿರಲಿಲ್ಲ ಎನ್ನಲಾದೀತೆ?

ಆ ವಿಳಾಸ ದೇವರದೆಂಬ ಕಾರಣಕ್ಕೇ, ಧರ್ಮದ ವಿಷಯದಲ್ಲಿ ಸರ್ಕಾರ ತಲೆಹಾಕಬಾರದೆಂದು, ಜೆಫರ್ಸನ್ ಅಧ್ಯಕ್ಷರಾಗಿದ್ದಾಗ ಇಂಥ ದಿನವನ್ನು ಘೋಷಿಸಲು ಒಪ್ಪಲಿಲ್ಲ. ಅದೇ ವಿಳಾಸಕ್ಕೆ, ಅಂದರೆ ಪರಲೋಕದ ತಂದೆಗೆ, 1863ರಲ್ಲಿ ಅಂತರ್ಯುದ್ಧದ ನಡುವೆ ಲಿಂಕನ್ ಇಡೀ ದೇಶದ ಕೃತಜ್ಞತೆಯನ್ನು ಕಳುಹಿಸಿದರು. 1939ರಲ್ಲಿ ರೂಸ್‌ವೆಲ್ಟ್ ಕ್ರಿಸ್ಮಸ್ಸಿನ ವ್ಯಾಪಾರಕ್ಕೆ ಹೆಚ್ಚು ದಿನ ಸಿಗಲೆಂದು ಹಬ್ಬವನ್ನು ಒಂದು ವಾರ ಮುಂಚಿತವಾಗಿ ಎಳೆದರು. ಚತುರ್ಥಿ ಅಂಗಡಿಯವರ ಪಾಲಾದದ್ದು ಆಗಲೇ ಎಂದು ನನ್ನ ಅನುಮಾನ. ಮರುದಿನ ಅಗ್ಗದ ಟೀವಿಗಾಗಿ ನಸುಕಿನಲ್ಲೇ ಏಳಲು ಅಲಾರಂ ಇಡುತ್ತಿದ್ದ ಮಗನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಹೂಂಗುಟ್ಟಿದ.

ಅಷ್ಟರಲ್ಲಿ ಮೇಜಿನ ಸುತ್ತ ಎಲ್ಲರೂ ತಾವು ಯಾವುದಕ್ಕೆ ಥ್ಯಾಂಕ್‌ಫುಲ್ ಎಂದು ಹೇಳಿ ಮುಗಿಸಿ ನನ್ನ ಸರದಿ ಬಂತು. "ಬಿಸಿಬೇಳೆಬಾತ್ ಚೆನ್ನಾಗಿತ್ತು, ಅದಕ್ಕೆ" ಎಂದೆ.

"ಯಾರಿಗೆ ಅಜ್ಜ?" ಎಂದಳು ಪುಟ್ಟಿ.

ಸೊಸೆ ತಲೆಯೆತ್ತಿ ನೋಡಿದಳು. ಇಷ್ಟು ವರ್ಷಗಳಲ್ಲಿ ಅಭ್ಯಾಸವಿಲ್ಲದ ಮಾತು ನಾಲಿಗೆಗೆ ಬರಲಿಲ್ಲ. ಇನ್ನೆರಡು ಹಪ್ಪಳ ಹಾಕಮ್ಮ ಎಂದು ತಟ್ಟೆ ಮುಂದೆ ಸರಿಸಿದೆ.